ಪದಚರ್ಚೆ: ಹಾಡಿನ ಹಕ್ಕನ್ನು ‘ಮಾರಾಟ’ ಮಾಡುವುದು, ರಾಯಲ್ಟಿಗೆ ‘ಗೌರವಧನ’ ಅನ್ನುವುದು

ಬಳಗದ ಎಲ್ಲರಿಗೂ ನಮಸ್ಕಾರ.

ಪರಿಚಯದ ಗೀತರಚನೆಕಾರರೊಬ್ಬರು ಕರಾರು ಪತ್ರವೊಂದರ ಕರಡು ಕಳಿಸಿ, “ಕನ್ನಡ ಒಂಚೂರು ನೋಡಿಕೊಡಿ, ಸಹಿ ಹಾಕಬೇಕು” ಅಂದಿದ್ದಾರೆ. ಸಿನಿಮಾಕ್ಕೆ ಬರೆದ ಹಾಡುಗಳ ವಿಚಾರ. ಅದರ ಮುಖ್ಯ ವಾಕ್ಯ ಹೀಗಿದೆ:

“ಸದರಿ ಗೀತೆಗಳ ಸಮಸ್ತ ಹಕ್ಕುಗಳನ್ನು, ಈಗ ಇರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳೂ ಸೇರಿದಂತೆ, ಶಾಶ್ವತವಾಗಿ ನಿರ್ಮಾಪಕರಿಗೆ ಮಾರಾಟ ಮಾಡಿರುತ್ತೇನೆ. ಇದಕ್ಕಾಗಿ ಪೂರ್ಣ ಗೌರವಧನ ಸಂದಾಯವಾಗಿದ್ದು, ಮುಂದೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವುದೇ ತಕರಾರು ಇರುವುದಿಲ್ಲ.”

ಕಾಗುಣಿತ, ವ್ಯಾಕರಣ ಎಲ್ಲ ಸರಿಯಾಗಿವೆ. ಓದಿದರೆ ಗತ್ತೂ ಇದೆ. ನನಗೆ ಒಗ್ಗದೆ ಹೋಗಿರುವುದು ‘ಮಾರಾಟ’ ಮತ್ತು ‘ಗೌರವಧನ’. ಇವೆರಡಕ್ಕೆ ಬದಲಿ ಪದ ಹುಡುಕುತ್ತ ಹೋದಂತೆ ‘ಶಾಶ್ವತ’, ‘ತಕರಾರು’ ಕೂಡ ಅಲುಗಾಡತೊಡಗಿದವು. ಅದಕ್ಕೇ ಬಳಗದ ಮುಂದಿಡುತ್ತಿದ್ದೇನೆ.

ಈ ವಾಕ್ಯದ ತವರು ಯಾವುದೆಂದು ಹೊಲದ ಕಾಗದ ಓದಿದವರಿಗೆ ಹೇಳಬೇಕಿಲ್ಲ. ಹಳೆಯ ಕ್ರಯಪತ್ರಗಳಲ್ಲಿ “ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ” ಸಮೇತ ಜಮೀನು ಬರೆದುಕೊಡುತ್ತಿದ್ದರು. ಶಾಸನಗಳ ದತ್ತಿಯ ಭಾಷೆಯೇ ಅಲ್ಲಿಗೂ ಇಳಿದು ಬಂದಿದೆ. ನಾವು ಕಾಪಿರೈಟ್‌ಗೆ ಬಳಸುವ ಗ್ರಂಥಸ್ವಾಮ್ಯ, ಕೃತಿಸ್ವಾಮ್ಯ, ಹಕ್ಕುಸ್ವಾಮ್ಯಗಳಲ್ಲಿರುವ ‘ಸ್ವಾಮ್ಯ’ವೂ ಅದೇ ಮನೆತನದ್ದು. ಹೀಗಾಗಿ ಹಾಡಿನ ಹಕ್ಕಿನ ಕಾಗದ ಬರೆಯಲು ಕೂತವರ ಕೈ ತಾನಾಗಿ ಜಮೀನಿನ ಕಾಗದದ ದಾರಿ ಹಿಡಿಯುತ್ತದೆ. ‘ಆಗಾಮಿ’ ಎಂದರೆ ಮುಂದೆ ಒದಗಲಿರುವ ಫಲ. ಭೂಮಿಯ ಮಟ್ಟಿಗೆ ಅದು ಕೊಂಡವರ ಪಾಲು. ಮಾರಿದ ಮೇಲೆ ಪಕ್ಕದಲ್ಲಿ ಹೆದ್ದಾರಿ ಬಂದು ಬೆಲೆ ಏರಿದರೆ ಮಾರಿದವರು ಕೇಳುವ ಹಾಗಿಲ್ಲ.

ಹಾಡಿಗೆ ಇದು ಹೊಂದುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಇದನ್ನು ಬಿಡಿಸಿಯೇ ಹೇಳುತ್ತದೆ. ಕರಾರಿನ ಹೊತ್ತಿಗೆ ಹುಟ್ಟಿರದ, ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮಕ್ಕೆ ಆ ಕರಾರು ಅನ್ವಯಿಸದು. ಆ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೇಳಿದ್ದರೆ ಮಾತ್ರ ಬೇರೆ ಮಾತು. ಅಂದರೆ “ಮುಂದೆ ಬರಬಹುದಾದ ಎಲ್ಲ” ಎಂದು ಬಾಚಿ ತಬ್ಬಿಕೊಂಡರೆ ಸಾಲದು. ಧ್ವನಿಸುರುಳಿಯ ಮೇಲೆ ಕಣ್ಣಿಟ್ಟು ಹಾಡು ಬರೆಸಿಕೊಂಡ ಕಾಲದಲ್ಲಿ ಕಾಲರ್ ಟ್ಯೂನ್ ಯಾರ ಕನಸಿನಲ್ಲೂ ಇರಲಿಲ್ಲ, ಕಾಲರ್ ಟ್ಯೂನಿನವರಿಗೆ ರೀಲ್ಸ್ ಗೊತ್ತಿರಲಿಲ್ಲ. ಭೂಮಿಯಲ್ಲಿ ಕೊಂಡವರಿಗೆ ಹೋಗುವ ಆಗಾಮಿ ಇಲ್ಲಿ ಬರೆದವರ ಬಳಿ ಉಳಿಯುತ್ತದೆ. ‘ಮಾರಾಟ’ ಎಂದ ಕೂಡಲೇ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ ಎಂಬುದು ನನ್ನ ತಕರಾರು.

‘ಶಾಶ್ವತವಾಗಿ’ ಪದದ್ದು ಇನ್ನೂ ಸ್ವಾರಸ್ಯ. ಕೃತಿಸ್ವಾಮ್ಯ ಆಚಂದ್ರಾರ್ಕವಲ್ಲ. ಸಾಹಿತ್ಯ ಕೃತಿಗಾದರೆ ಬರೆದವರ ಜೀವಿತಕಾಲ, ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಬದುಕಿನಲ್ಲಿ ಪ್ರಕಟವಾದ ಕವನಗಳ ಹಕ್ಕು 2041ರ ಕೊನೆಯವರೆಗೆ. (ಮೊದಲು 50 ವರ್ಷವಿತ್ತು. ಟ್ಯಾಗೋರರ ಕೃತಿಗಳ ಅವಧಿ ಮುಗಿಯಲು ಬಂದಾಗ 1992ರ ತಿದ್ದುಪಡಿಯಲ್ಲಿ ಹತ್ತು ಸೇರಿತು.) ಕರಾರಿನಲ್ಲಿ ಅವಧಿಯನ್ನೇ ಹೇಳದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಓದಿಕೊಳ್ಳುತ್ತದೆ, ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ಗತ್ತಿಗೆಂದು ಸೇರಿಸಿದಂತೆ ಕಾಣುವ ಆ ಒಂದು ‘ಶಾಶ್ವತವಾಗಿ’ ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಐದೇ ವರ್ಷದ ಲೆಕ್ಕ. ಭಾಷೆ ನೋಡಿಕೊಡುವವರು ‘ದ್ವಿರುಕ್ತಿ’ ಎಂದು ಹೊಡೆದುಹಾಕುವ ಪದ ಇದಲ್ಲ, ಸುಮ್ಮನೆ ಉಳಿಸುವ ಪದವೂ ಅಲ್ಲ.

ಹಾಗಾದರೆ ಮಾರಾಟಕ್ಕೆ ಬದಲು ಏನು? ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಕ್ಕೆ ಇಂಗ್ಲಿಷಿನಲ್ಲಿರುವ ಅಸೈನ್‌ಮೆಂಟ್ ಕನ್ನಡದಲ್ಲಿ ಕಾಲೇಜು ಮಕ್ಕಳ ಪಾಲಾಗಿಬಿಟ್ಟಿದೆ. ‘ವರ್ಗಾವಣೆ’ ಎಂದರೆ ಮೇಷ್ಟ್ರು ಬೀದರ್‌ಗೆ ಹೋದಂತೆ ಕೇಳುತ್ತದೆ, ಆದರೂ ಕಾನೂನಿನವರಿಗೆ ರೂಢಿಯಿದೆ. ‘ಹಸ್ತಾಂತರ’ ವಸ್ತುವಿಗೆ ಸರಿ, ಹಕ್ಕಿಗೆ ಅಷ್ಟಾಗಿ ಒಗ್ಗದು. ನನಗೆ ಹಿಡಿಸಿದ್ದು ‘ಬರೆದುಕೊಡು’. ಆಡುಮಾತಿನಲ್ಲಿದೆ, ಜೊತೆಗೆ ಲಿಖಿತವಾಗಿಯೇ ಇರಬೇಕೆಂಬ ಕಾಯ್ದೆಯ ನಿಯಮ ಪದದೊಳಗೇ ಅಡಗಿದೆ. ಲೈಸೆನ್ಸಿಗೆ ‘ಬಳಕೆಯ ಅನುಮತಿ’ ಸಾಕು. ‘ಪರವಾನಗಿ’ ಎಂದರೆ ಬಂದೂಕು, ಬಾರು ನೆನಪಾಗುತ್ತವೆ.

ಪದದ ಆಯ್ಕೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ಕರಾವಳಿಯದೇ ಪ್ರಕರಣವಿದೆ. ಶಿವರಾಮ ಕಾರಂತರು ತಮ್ಮ ಕೃತಿಗಳ ಹಕ್ಕನ್ನು ಉಯಿಲಿನಲ್ಲಿ ಒಬ್ಬರಿಗೆ ಬಿಟ್ಟುಹೋಗಿದ್ದರು. ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಹಕ್ಕು ಪಡೆದವರು ನ್ಯಾಯಾಲಯಕ್ಕೆ ಹೋದರು. ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಬೆಳೆದು 2009ರಲ್ಲಿ ತೀರ್ಪಾಯಿತು. ಉಯಿಲಿನಲ್ಲಿ ಸಾಹಿತ್ಯ ಕೃತಿಗಳ ಹಕ್ಕು ಎಂದಿದ್ದರೆ ಅದರಲ್ಲಿ ಕುಣಿತವೂ ಬಂತೇ? ಇಲ್ಲ ಎಂದಿತು ಕೋರ್ಟು. ನೃತ್ಯದ ಹಕ್ಕು ‘ಸಾಹಿತ್ಯ ಕೃತಿ’ಯೊಳಗೆ ಬರುವುದಿಲ್ಲ, ‘ನಾಟಕ ಕೃತಿ’ಯೊಳಗೆ ಬರುತ್ತದೆ. ಆದರೆ ಉಯಿಲಿನ ಕೊನೆಯಲ್ಲಿ ‘ಉಳಿದುದೆಲ್ಲ’ ಎಂಬರ್ಥದ ಷರತ್ತೊಂದಿತ್ತು. ಆ ಬಾಗಿಲಿನಿಂದ ಬ್ಯಾಲೆಯ ಹಕ್ಕೂ ಅವರಿಗೇ ಸಂದಿತು. ತಡೆಯಾಜ್ಞೆ ಉಳಿಯಿತು, ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಸಿಬ್ಬಂದಿ, ವಿದ್ಯಾರ್ಥಿಗಳು ಆಡುವಂಥ, ಕಾಯ್ದೆಯೇ ವಿನಾಯಿತಿ ಕೊಟ್ಟಿರುವ ಪ್ರದರ್ಶನಗಳಿಗೆ ಮಾತ್ರ ಕೋರ್ಟು ಜಾಗ ಬಿಟ್ಟಿತು. ಪ್ರಸಂಗದ ಪದ್ಯ, ಕುಣಿತ, ವೇಷ ಎಲ್ಲವನ್ನೂ ನಾವು ‘ಆಟ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಕಾಯ್ದೆ ಅದನ್ನು ಕತ್ತರಿಸಿ ಬೇರೆಬೇರೆ ಪೆಟ್ಟಿಗೆಗೆ ಹಾಕುತ್ತದೆ.

ಇನ್ನು ಗೌರವಧನ. ಕರ್ನಾಟಕದಲ್ಲಿ ಈ ಪದ ಎಲ್ಲಿ ಓಡಾಡುತ್ತದೆ ನೋಡಿ: ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಅತಿಥಿ ಉಪನ್ಯಾಸಕರು. ಕೆಲಸ ಪೂರ್ತಿ, ಆದರೆ ಸಂಬಳ ಎಂದು ಒಪ್ಪಲು ಮನಸ್ಸಿಲ್ಲದ ಕಡೆ ಗೌರವ ಬಂದು ಕೂರುತ್ತದೆ. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಗೌರವಧನ ಹೆಚ್ಚಿಸಿ ಎಂದು ಕೂಗಬೇಕಾಗಿ ಬರುವಲ್ಲಿ ಗೌರವ ಯಾವುದು, ಧನ ಯಾವುದು? ಸಭೆಗೆ ಬಂದ ಅತಿಥಿಗೆ ಲಕೋಟೆಯಲ್ಲಿ ಕೊಡುವುದಕ್ಕೆ ಈ ಪದ ಇರಲಿ, ಬೇಡ ಅನ್ನುವುದಿಲ್ಲ.

ರಾಯಲ್ಟಿ ಹಾಗಲ್ಲ, ಅದು ಕೃತಿಯ ಬಳಕೆಯಿಂದ ಬರುವ ಗಳಿಕೆಯಲ್ಲಿ ಬರೆದವರಿಗೆ ಸಲ್ಲಬೇಕಾದ ಬಾಕಿ. ಸಿನಿಮಾ ಹಾಡಿನ ಸಾಹಿತ್ಯ, ಸಂಗೀತ ರಚಿಸಿದವರು, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಗೆ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡುವ ಹಾಗೇ ಇಲ್ಲ. ಅದನ್ನು ತಮ್ಮ ವಾರಸುದಾರರಿಗೆ ಅಥವಾ ವಸೂಲಿ ಮಾಡಿಕೊಡುವ ಕಾಪಿರೈಟ್ ಸೊಸೈಟಿಗೆ ಮಾತ್ರ ವಹಿಸಬಹುದು. ಬೇರೆ ರೀತಿ ಬರೆಸಿಕೊಂಡರೆ ಆ ಕರಾರು ಅಷ್ಟರಮಟ್ಟಿಗೆ ಅಸಿಂಧು. ಇದೂ 2012ರ ತಿದ್ದುಪಡಿಯೇ. ಸಿನಿಮಾಕ್ಕೆ ದುಡ್ಡು ಕೊಟ್ಟು ಬರೆಸಿದ ಹಾಡಿನ ಹಕ್ಕು ನಿರ್ಮಾಪಕರದು ಎಂಬರ್ಥದ ತೀರ್ಪು 1977ರಲ್ಲಿ ಬಂದಮೇಲೆ ದಶಕಗಳ ಕಾಲ ಬರೆದವರು ಕೈಕಟ್ಟಿ ಕೂತಿದ್ದರು. ಜಾವೇದ್ ಅಖ್ತರ್ ರಾಜ್ಯಸಭೆಗೆ ಹೋಗಿ ಇದಕ್ಕಾಗಿ ಗುದ್ದಾಡಿದ್ದು ನಿಮಗೆ ನೆನಪಿರಬಹುದು. ಅಂದಮೇಲೆ ನಮ್ಮ ಕರಡಿನ “ಪೂರ್ಣ ಗೌರವಧನ ಸಂದಾಯವಾಗಿದ್ದು” ಎಂಬ ಮಾತು ಬರೆದ ಕೂಲಿಗೆ ಸರಿಹೋಗಬಹುದು, ರಾಯಲ್ಟಿಯನ್ನು ತೊಳೆದುಹಾಕಲಾರದು. ಎರಡಕ್ಕೂ ಒಂದೇ ಪದವಿದ್ದರೆ ಸಹಿ ಹಾಕುವವರಿಗೆ ಇದು ತಿಳಿಯುವುದು ಹೇಗೆ?

‘ರಾಜಧನ’ ಬೇಡ. ಅದನ್ನು ಗಣಿ ಇಲಾಖೆ ಮರಳು, ಕಲ್ಲಿಗೆ ವಸೂಲಿ ಮಾಡುತ್ತದೆ. ಇಲ್ಲಿ ರಾಜನೂ ಇಲ್ಲ. ‘ಸಂಭಾವನೆ’ ಒಂದು ಸಲದ್ದು. ಜಮೀನಿನ ಭಾಷೆಯೇ ಬೇಕು ಅನ್ನುವವರಿಗೆ ‘ಗೇಣಿ’ ಇದೆ, ಅರ್ಥವೂ ಹತ್ತಿರ. ಆದರೆ 1974ರ ಭೂಸುಧಾರಣೆಯ ಮೇಲೆ ಗೇಣಿ ಎಂದರೆ ಉಳುವವನು ಒಡೆಯನಿಗೆ ಅಳೆಯುತ್ತಿದ್ದದ್ದು ಎಂದೇ ನೆನಪು. ಇಲ್ಲಿ ಉಳುವವರು ಯಾರು? ಕಾಯ್ದೆಯ ಪ್ರಕಾರ ಸಿನಿಮಾದ ‘ಕರ್ತೃ’ ನಿರ್ಮಾಪಕ, ನಿರ್ದೇಶಕ ಅಲ್ಲ. ಈ ಜಗಳ ಇನ್ನೊಂದು ಪತ್ರಕ್ಕಿರಲಿ. ನನ್ನ ಮಟ್ಟಿಗೆ ‘ರಾಯಲ್ಟಿ’ ಎಂದೇ ಬರೆದು, ವಿವರಿಸುವಲ್ಲಿ ‘ಗಳಿಕೆಯ ಪಾಲು’ ಎನ್ನುವುದು ಲೇಸು.

ಕೊನೆಗೆ ‘ತಕರಾರು ಇರುವುದಿಲ್ಲ’. ಹಕ್ಕು ಬರೆದುಕೊಟ್ಟ ಮೇಲೂ ಇದು ನನ್ನ ರಚನೆ ಎನ್ನುವ, ತನ್ನ ಹೆಸರಿಗೆ ಕುಂದಾಗುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಹಕ್ಕು ಬರೆದವರಿಗೆ 57ನೇ ಸೆಕ್ಷನ್ನಿನಲ್ಲಿದೆ. ಇದಕ್ಕೆ ‘ನೈತಿಕ ಹಕ್ಕು’ ಎಂಬ ಅನುವಾದ ಚಾಲ್ತಿಯಲ್ಲಿದೆ, ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. “ನಮ್ಮ ರಾಜೀನಾಮೆ ಕೇಳುವ ನೈತಿಕ ಹಕ್ಕು ಅವರಿಗಿಲ್ಲ” ಎಂದು ದಿನಾ ಟೀವಿಯಲ್ಲಿ ಕೇಳುವ ಕಿವಿಗೆ, ನೈತಿಕ ಹಕ್ಕೆಂದರೆ ಕೋರ್ಟಿನಲ್ಲಿ ನಿಲ್ಲದ ಹಕ್ಕು. ಇದು ನಿಲ್ಲುತ್ತದೆ. ಕಾಯ್ದೆಯ ತಲೆಬರಹ ‘ಕರ್ತೃವಿನ ವಿಶೇಷ ಹಕ್ಕುಗಳು’ ಎಂಬರ್ಥ ಕೊಡುತ್ತದೆ, ಅದನ್ನೇ ಇಟ್ಟುಕೊಳ್ಳಬಹುದಲ್ಲ.

ಸದ್ಯಕ್ಕೆ ನಾನು ತಿದ್ದಿರುವುದು ಹೀಗೆ: “ಈ ಗೀತೆಗಳ ಹಕ್ಕನ್ನು ಕೆಳಗೆ ಹೆಸರಿಸಿದ ಮಾಧ್ಯಮಗಳಿಗೆ, ಕೆಳಗೆ ಹೇಳಿದ ಅವಧಿಗೆ ಮತ್ತು ಪ್ರದೇಶಕ್ಕೆ ಬರೆದುಕೊಟ್ಟಿದ್ದೇನೆ. ರಚನೆಗೆ ಸಂಭಾವನೆ ಪಡೆದಿದ್ದೇನೆ. ಕಾಯ್ದೆಯಂತೆ ಬರಬೇಕಾದ ರಾಯಲ್ಟಿ ಮತ್ತು ಕರ್ತೃವಿನ ವಿಶೇಷ ಹಕ್ಕುಗಳು ನನ್ನಲ್ಲೇ ಉಳಿದಿವೆ.” ಒಪ್ಪಿಸುವ ಕೆಲಸ ವಕೀಲರದು, ನಾನು ಕೇಳುತ್ತಿರುವುದು ಕನ್ನಡದ ಬಗ್ಗೆ.

‘ಬರೆದುಕೊಡು’ ಎಂದರೆ ನಿಮ್ಮ ಕಡೆ ಪೂರ್ತಿ ಕೈಬಿಟ್ಟಂತೆಯೇ ಕೇಳುತ್ತದೆಯೇ? ಉತ್ತರ ಕರ್ನಾಟಕದ ಕಂಪನಿ ನಾಟಕದವರು ಕವಿಗೆ ಆಟದ ಲೆಕ್ಕದಲ್ಲಿ ಕೊಡುತ್ತಿದ್ದ ಹಣಕ್ಕೆ ಬೇರೆ ಹೆಸರಿತ್ತೇ? ಕರಾವಳಿಯಲ್ಲಿ ಆಟ ಆಡಿಸುವವರು ಮೇಳಕ್ಕೆ ಕೊಡುವುದಕ್ಕೆ ‘ವೀಳ್ಯ’ ಎನ್ನುತ್ತಾರೆ. ಪ್ರಸಂಗಕರ್ತರಿಗೆ ಸಲ್ಲುವುದಕ್ಕೆ ಏನೆನ್ನುತ್ತಾರೆ? ಯಾರ ಮನೆಯ ಟ್ರಂಕಿನಲ್ಲಾದರೂ ಅಂಥ ಹಳೆಯ ಕರಾರು ಕಾಗದವಿದ್ದರೆ, ಹೆಸರು ಮುಚ್ಚಿ, ಹಣದ ವಿಚಾರ ಬರುವ ಸಾಲನ್ನು ಇದ್ದ ಹಾಗೇ ಟೈಪಿಸಿ ಹಾಕಿ.