ಸಹಾಯ ಬೇಕು: ಹಸಿರು ಲೇಸರ್ ಪಾಯಿಂಟರ್‌ನ ನಿಜವಾದ ಪವರ್ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಊರಿನ ಮಕ್ಕಳಿಗೆ ರಾತ್ರಿ ನಕ್ಷತ್ರ ತೋರಿಸಲು ಆನ್‌ಲೈನ್‌ನಲ್ಲಿ ಒಂದು ಹಸಿರು ಲೇಸರ್ ಪಾಯಿಂಟರ್ ತರಿಸಿದೆ. ಲೇಬಲ್ ಮೇಲೆ 532 ನ್ಯಾನೋಮೀಟರ್ (ಬೆಳಕಿನ ತರಂಗಾಂತರ), 5 ಮಿಲಿವ್ಯಾಟ್‌ಗಿಂತ ಕಡಿಮೆ ಅಂತ ಇದೆ. ಆದರೆ ನಿನ್ನೆ ಕಪ್ಪು ಬಲೂನಿಗೆ ಹಿಡಿದರೆ ಎರಡೇ ಸೆಕೆಂಡಿನಲ್ಲಿ ಪಟ್ ಅಂತ ಒಡೆಯಿತು, ಬೆಂಕಿಕಡ್ಡಿಯ ತಲೆಯಿಂದ ಸಣ್ಣಗೆ ಹೊಗೆಯೂ ಬಂತು. 5 ಮಿಲಿವ್ಯಾಟ್‌ನಲ್ಲಿ ಇದು ಆಗಲ್ಲ, ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಕಾಣದ ಬೆಳಕಿನ ಬಗ್ಗೆ. ಈ ಪಾಯಿಂಟರ್‌ಗಳ ಒಳಗೆ 808 ನ್ಯಾನೋಮೀಟರ್ ಡಯೋಡ್ ಒಂದು ಹರಳಿಗೆ ಬೆಳಕು ಕೊಡುತ್ತದೆ, ಅದರಿಂದ 1064 ಬರುತ್ತದೆ, ಇನ್ನೊಂದು ಹರಳು ಅದನ್ನು 532ರ ಹಸಿರು ಮಾಡುತ್ತದೆ. ಅಗ್ಗದವುಗಳಲ್ಲಿ ಎಷ್ಟೋ ಸಲ ಕೊನೆಯ ಇನ್‌ಫ್ರಾರೆಡ್ ಫಿಲ್ಟರ್ ಇರುವುದೇ ಇಲ್ಲ. ಆಗ ಉಳಿದ 808, 1064ರ ಇನ್‌ಫ್ರಾರೆಡ್ ಬೆಳಕೂ ಹಸಿರಿನ ಜೊತೆಗೇ ಹೊರಗೆ ಬರುತ್ತದೆ, ಕಣ್ಣಿಗೆ ಕಾಣದ ಕಾರಣ ರೆಪ್ಪೆಯೂ ಮುಚ್ಚುವುದಿಲ್ಲ.

ಬೆಂಗಳೂರು ಅಥವಾ ಮೈಸೂರಿನಲ್ಲಿ ಯಾರ ಹತ್ತಿರವಾದರೂ ಥರ್ಮಲ್ ಪವರ್ ಮೀಟರ್ (ಬೆಳಕು ಬಿದ್ದಾಗ ಆಗುವ ಬಿಸಿಯಿಂದ ಅದರ ಪವರ್ ಅಳೆಯುವ ಸಾಧನ) ಇದೆಯಾ? ನಾನೇ ತಂದು ಅಳೆಸಿಕೊಂಡು ಹೋಗುತ್ತೇನೆ. ಹಸಿರು ಎಷ್ಟು, ಇನ್‌ಫ್ರಾರೆಡ್ ಎಷ್ಟು ಅಂತ ಬೇರೆ ಬೇರೆ ತಿಳಿಯಬೇಕು, ಅದಕ್ಕೆ ಮೀಟರ್ ಮುಂದೆ ಯಾವ ಫಿಲ್ಟರ್ ಇಡಬೇಕು? 532, 808, 1064 ಮೂರನ್ನೂ ತಡೆಯುವ ಕನ್ನಡಕ ಯಾವುದು ತಗೊಂಡಿದ್ದೀರಿ? ಸುಮ್ನೆ ಬಣ್ಣದ ಪ್ಲಾಸ್ಟಿಕ್ ಬೇಡ, ಯಾವ ತರಂಗಾಂತರಕ್ಕೆ ಎಷ್ಟು ಓ.ಡಿ. (OD, ಅಂದರೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಅಂತ ಬರೆದಿರುವುದೇ ಬೇಕು.

ಅಲ್ಲಿಯವರೆಗೆ ಬ್ಯಾಟರಿ ತೆಗೆದು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಮುಂದಿನ ಅಮಾವಾಸ್ಯೆಗೆ ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಗೊತ್ತಾದರೆ ತುಂಬಾ ಉಪಕಾರ.