‘ಇತರ ಬಿಸಿ ಪಾನೀಯ’ ಎಂಬುದಕ್ಕೆ ಕರಾವಳಿಯಲ್ಲಿ ಒಪ್ಪುವ ಪದ ಯಾವುದು?

ಮಾನ್ಯರೇ,

ಕಾಫಿ, ಟೀ ಮೊದಲಾದವುಗಳ ಬಗ್ಗೆ ಮನೆಮನೆಯ ರೂಢಿಯನ್ನು ಕೇಳಿ ತಿಳಿಯುವ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದನ್ನು ಹಿಡಿದುಕೊಂಡು ಹೋಗುವವರು ಮಂಗಳೂರು, ಉಡುಪಿ, ಕುಂದಾಪುರದ ಮನೆಗಳಲ್ಲಿ ಗಟ್ಟಿಯಾಗಿ ಓದಿ ಹೇಳಿ ಉತ್ತರವನ್ನು ಬರೆದುಕೊಳ್ಳುವವರಾದ್ದರಿಂದ, ಪದ ಕಿವಿಗೆ ಬಿದ್ದ ಕೂಡಲೇ ಅರ್ಥವಾಗಬೇಕು. ಮೂಲದಲ್ಲಿ ಮೂರು ಕಾಲಂಗಳಿವೆ: ಕಾಫಿ, ಟೀ, ಇತರ ಬಿಸಿ ಪಾನೀಯ. ಮೊದಲ ಎರಡಕ್ಕೆ ಪದ ಹುಡುಕಬೇಕಾಗಿಲ್ಲವೆಂದು ತೋರಬಹುದು. ಕರಾವಳಿಯ ಮಾತಿನಲ್ಲಿ ಮಾತ್ರ ಮೂರೂ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮೂರನೆಯ ಕಾಲಂನ ತಲೆಬರಹವೇ ನನ್ನ ಮುಖ್ಯ ಪ್ರಶ್ನೆ. ಅಲ್ಲಿಗೆ ಹೋಗಲು ಉಳಿದೆರಡನ್ನು ದಾಟಿಯೇ ಹೋಗಬೇಕು.

ಚೀನಾದ ಒಂದೇ ಲಿಪಿಚಿಹ್ನೆಯನ್ನು ಫೂಜಿಯನ್ ಪ್ರಾಂತದ ಕಡಲ ಬದಿಯವರು ‘ತೇ’ ಎಂದೂ ಉಳಿದ ಬಹುಪಾಲು ಜನರು ‘ಚಾ’ ಎಂದೂ ಉಚ್ಚರಿಸುತ್ತಾರೆ. ಡಚ್ ವ್ಯಾಪಾರಿಗಳು ಮೊದಲನೆಯದನ್ನು ಯುರೋಪಿಗೆ ಒಯ್ದುದರಿಂದ ಇಂಗ್ಲಿಷಿನ ಟೀ ಆಯಿತು. ಮಕಾವಿನಲ್ಲಿ ನೆಲೆಯೂರಿದ ಪೋರ್ಚುಗೀಸರ ನುಡಿಯಲ್ಲಿ ‘ಚಾ’ ಉಳಿಯಿತು. ಪಾರಸಿಯ ದಾರಿಯಲ್ಲಿ ಬಂದದ್ದು ಹಿಂದಿಯ ‘ಚಾಯ್’. ಕನ್ನಡನಾಡಿನಲ್ಲಿ ಬೆಂಗಳೂರು, ಮೈಸೂರಿನ ಕಡೆ ಟೀ, ಮರಾಠಿಯ ನೆರೆಯ ಬೆಳಗಾವಿ, ಧಾರವಾಡದಲ್ಲಿ ಚಹಾ, ನಮ್ಮಲ್ಲಿ ಚಾ ಅಥವಾ ಚಾಯ. ಇಷ್ಟು ಎಲ್ಲರಿಗೂ ತಿಳಿದದ್ದೇ.

ತೊಡಕಿರುವುದು ಬೇರೆ ಕಡೆ. ತುಳುವಿನಲ್ಲಿ ‘ಚಾ ಆಂಡಾ?’ ಎಂದು ಕೇಳಿದಾಗ ವಿಚಾರಿಸುತ್ತಿರುವುದು ಬೆಳಗಿನ ಅಥವಾ ಸಂಜೆಯ ಉಪಾಹಾರವನ್ನು. ‘ಚಾಕ್ಕೆ ಎಂತ?’ ಎಂಬ ಪ್ರಶ್ನೆಗೆ ಉತ್ತರ ನೀರ್ ದೋಸೆಯೋ ಅವಲಕ್ಕಿಯೋ ಆಗಿರುತ್ತದೆ. ಆ ದೋಸೆಯ ಜೊತೆಗೆ ಲೋಟದಲ್ಲಿದ್ದದ್ದು ಕಾಫಿಯೇ ಆಗಿದ್ದರೂ ‘ಚಾ ಆಯಿತು’ ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಘಟ್ಟದ ಮೇಲೆ ಇದೇ ಕೆಲಸವನ್ನು ‘ಕಾಫಿ ಆಯ್ತಾ?’ ಎಂಬ ಮಾತು ಮಾಡುತ್ತದೆ. ಕೋಟದ ಬಳಿಯ ಪಾರಂಪಳ್ಳಿಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲಿನ ಮೊದಲ ಹೆಸರಿನಲ್ಲಿದ್ದದ್ದು ‘ಕಾಫಿ ಕ್ಲಬ್’. ಉಡುಪಿಯ ಕಡೆಯವರು ಪರಊರಿನ ಪೇಟೆಗೆ ಕಾಫಿಯನ್ನು ಕುಡಿಸಿದರೂ ಅವರ ಊರಿನಲ್ಲಿ ಹೊತ್ತಿನ ಹೆಸರಾಗಿ ನಿಂತದ್ದು ಚಾ ಎಂಬುದು ಕುತೂಹಲದ ಸಂಗತಿ. ಆದ್ದರಿಂದ ‘ದಿನಕ್ಕೆ ಎಷ್ಟು ಸಲ ಚಾ ಕುಡಿಯುತ್ತೀರಿ?’ ಎಂದು ಕೇಳಿದರೆ ಇಲ್ಲಿ ಸಿಗುವುದು ಹೊತ್ತುಗಳ ಲೆಕ್ಕವೇ ಹೊರತು ಎಲೆಯ ಲೆಕ್ಕವಲ್ಲ. ಸದ್ಯಕ್ಕೆ ‘ಚಾಹುಡಿ ಹಾಕಿ ಮಾಡಿದ ಚಾ’, ‘ಕಾಫಿಹುಡಿ ಹಾಕಿ ಮಾಡಿದ ಕಾಫಿ’ ಎಂದು ಉದ್ದಕ್ಕೆ ಬರೆದಿದ್ದೇನೆ. ಓದುವಾಗ ಸ್ವಲ್ಪ ಬಾಲಿಶವೆನ್ನಿಸುತ್ತದೆ, ಆದರೆ ತಪ್ಪು ಉತ್ತರ ಬರುವುದಿಲ್ಲ.

ಇದೇ ಕಾಲಂನಲ್ಲಿ ಇನ್ನೊಂದು ಬಲೆ ಇದೆ. ಮೂಲದ ‘ಬ್ಲ್ಯಾಕ್ ಟೀ’ ಎಂಬುದನ್ನು ಕಂಡ ಕೂಡಲೇ ಕರಾವಳಿಯ ಅನುವಾದಕರ ಕೈ ‘ಕಣ್ಣ ಚಾ’ ಎಂದು ಬರೆಯಲು ಹೊರಡುತ್ತದೆ, ಏಕೆಂದರೆ ಹಾಲು ಹಾಕದ ಚಾಕ್ಕೆ ನಮ್ಮಲ್ಲಿ ಅದೇ ಹೆಸರು. ವ್ಯಾಪಾರದ ಭಾಷೆಯಲ್ಲಿ ಬ್ಲ್ಯಾಕ್ ಟೀ ಎಂದರೆ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಯಲ್ಲಿ ಕಪ್ಪಾಗಲು ಬಿಟ್ಟು ಒಣಗಿಸಿದ ಸಾಮಾನ್ಯ ಚಾಹುಡಿ. ಅದಕ್ಕೆ ಹಾಲು ಹಾಕಿದರೂ ಅದು ಬ್ಲ್ಯಾಕ್ ಟೀಯೇ. ಕಣ್ಣ ಚಾಕ್ಕೆ ನಿಂಬೆಹುಳಿ ಹಿಂಡಿದ ಸುಲೈಮಾನಿಯನ್ನು ಹೋಟೆಲುಗಳಲ್ಲಿ ಬೇರೆಯೇ ಹೆಸರಿನಿಂದ ಕೇಳುತ್ತಾರಾದ್ದರಿಂದ ಅದಕ್ಕೊಂದು ಸಾಲನ್ನು ಪ್ರತ್ಯೇಕವಾಗಿಯೇ ಕೊಟ್ಟಿದ್ದೇನೆ.

ಇನ್ನು ‘ಬಿಸಿ ಪಾನೀಯ’. ಅದರ ಜೋಡಿಯಾದ ‘ತಂಪು ಪಾನೀಯ’ ಬಾಟಲಿಯ ಪಾನೀಯಗಳಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. ‘ಬಿಸಿ ಪಾನೀಯ’ವನ್ನು ಮಾತಿನಲ್ಲಿ ಬಳಸಿದವರನ್ನು ನಾನು ಕಂಡಿಲ್ಲ. ಕನ್ನಡದಲ್ಲಿ ‘ತಂಪು’ ಎಂಬುದು ಮುಟ್ಟಿದಾಗಿನ ತಣ್ಣಗಿನ ಅನುಭವಕ್ಕೂ ದೇಹದ ಮೇಲಿನ ಗುಣಕ್ಕೂ ಸಲ್ಲುತ್ತದೆ, ‘ಬಿಸಿ’ ಮುಟ್ಟಿದಾಗಿನ ಅನುಭವಕ್ಕೆ ಮಾತ್ರ. ಗುಣವನ್ನು ಹೇಳಲು ‘ಉಷ್ಣ’ ಅಥವಾ ‘ಹೀಟು’ ಎನ್ನುತ್ತೇವೆ. ಕೊತ್ತಂಬರಿ, ಜೀರಿಗೆಯ ಕಷಾಯವನ್ನು ಹಬೆಯಾಡುತ್ತಿರುವಾಗಲೇ ಕುಡಿದು ‘ಇದು ತಂಪು’ ಎನ್ನುವ ಅಜ್ಜಿಗೆ ಬಿಸಿ ಪಾನೀಯ, ತಂಪು ಪಾನೀಯ ಎಂಬ ಎರಡು ಪೆಟ್ಟಿಗೆಗಳನ್ನು ತೋರಿಸಿದರೆ ಅವರು ಕಷಾಯವನ್ನು ಯಾವುದರಲ್ಲಿ ಹಾಕಬೇಕು? ಇನ್ನು ‘ಕುಡಿತ’, ‘ಪಾನ’ ಎಂಬೆರಡು ನಾಮಪದಗಳನ್ನೂ ಹೆಂಡ ತನ್ನದಾಗಿಸಿಕೊಂಡಿದೆ. ‘ಪೇಯ’ ಎಂಬುದು ಅಚ್ಚಿನಲ್ಲಿ ಸರಿಯಾದರೂ ಓದಿ ಹೇಳುವಾಗ ಅಪರಿಚಿತ.

ಕಷಾಯವನ್ನೇ ಮೂರನೆಯ ಕಾಲಂನ ಹೆಸರಾಗಿ ಇಡಬಹುದಲ್ಲವೇ ಎಂಬ ಸಲಹೆ ಬಂದಿದೆ. ಈ ಪದದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ಅನಿವಾರ್ಯ. ಸಂಸ್ಕೃತದಲ್ಲಿ ಕಷಾಯವೆಂದರೆ ಆರು ರಸಗಳಲ್ಲಿ ಒಂದಾದ ಒಗರು. ಔಷಧದ ರಸಸಾರಕ್ಕೂ ಅದೇ ಹೆಸರು. ಚರಕಸಂಹಿತೆಯು ಕಷಾಯದಲ್ಲಿ ಐದು ವಿಧಗಳನ್ನು ಎಣಿಸುತ್ತದೆ: ಹಿಂಡಿ ತೆಗೆದ ಸ್ವರಸ, ಅರೆದ ಕಲ್ಕ, ಕುದಿಸಿದ ಶೃತ, ತಣ್ಣೀರಿನಲ್ಲಿ ನೆನೆಸಿದ ಶೀತ, ಬಿಸಿನೀರಿನಲ್ಲಿ ಅದ್ದಿಟ್ಟು ಸೋಸಿದ ಫಾಂಟ. ಅಂದರೆ ಕುದಿಸುವುದು ಕಷಾಯದ ಲಕ್ಷಣವೇನೂ ಅಲ್ಲ. ತುಳುನಾಡಿನ ರೂಢಿ ಇದಕ್ಕೆ ಪೂರ್ತಿ ಹೊಂದುತ್ತದೆ. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ರಸ ಹಿಂಡಿ, ಕಾದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಾರಲ್ಲ, ಅದು ಶಾಸ್ತ್ರದ ಪ್ರಕಾರ ಸ್ವರಸ, ಊರವರ ಬಾಯಲ್ಲಿ ಪಾಲೆಯ ಕಷಾಯ. ಚರಕನ ವಿಂಗಡಣೆಯನ್ನು ಹಿಡಿದು ಹೋದರೆ ಟೀ ಬ್ಯಾಗನ್ನು ಬಿಸಿನೀರಿನಲ್ಲಿ ಅದ್ದಿ ಕುಡಿಯುವುದೂ ಫಾಂಟವೆಂಬ ಕಷಾಯವೇ!

ವರ್ಷಕ್ಕೊಮ್ಮೆ ಮುಖ ಕಿವುಚಿ ಕುಡಿಯುವ ಆ ಕಹಿಯ ಪಕ್ಕದಲ್ಲೇ ದಿನನಿತ್ಯದ ಇನ್ನೊಂದು ಕಷಾಯ ಕರಾವಳಿಯಲ್ಲಿದೆ. ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸುಗಳನ್ನು ಹುರಿದು ಮಾಡಿದ ಹುಡಿಯನ್ನು ನೀರಿನಲ್ಲಿ ಕುದಿಸಿ, ಬೆಲ್ಲ ಹಾಕಿ, ಹಾಲು ಬೆರೆಸಿ ಕಾಫಿಯ ಲೋಟದಲ್ಲೇ ಕೊಡುತ್ತಾರೆ. ಉಡುಪಿಯ ಹೋಟೆಲಿನ ದರಪಟ್ಟಿಯಲ್ಲಿ ಕಾಫಿ, ಟೀ, ಬಾದಾಮಿ ಹಾಲುಗಳ ಸಾಲಿನಲ್ಲಿಯೇ ಕಷಾಯವೂ ಇರುವುದುಂಟು. ಅದನ್ನು ಕೇಳಿದವರಿಗೆ ‘ಏನು, ಹುಷಾರಿಲ್ಲವೇ?’ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಕೇಳುತ್ತಾರೆ. 2020ರಲ್ಲಿ ಆಯುಷ್ ಸಚಿವಾಲಯವು ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿ, ಒಣದ್ರಾಕ್ಷಿಗಳ ‘ಕಾಢಾ’ವನ್ನು ಕುಡಿಯಿರೆಂದು ಸಲಹೆ ಕೊಟ್ಟಾಗ ಕನ್ನಡದ ಪತ್ರಿಕೆಗಳು ಅದನ್ನು ಕಷಾಯವೆಂದು ಬರೆದವು. ಅನುವಾದ ಸರಿಯೇ. ಆದರೆ ಆ ಕಾಲದಿಂದೀಚೆಗೆ ಕಷಾಯವೆಂದರೆ ಮದ್ದು ಎಂಬ ಅರ್ಥ ಇನ್ನಷ್ಟು ಬಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ‘ಡಿಕಾಕ್ಷನ್’ ಎಂಬುದಕ್ಕೂ ಕಷಾಯವೆಂದೇ ಅರ್ಥ. ಕನ್ನಡಿಗರು ಆ ಇಂಗ್ಲಿಷ್ ಪದವನ್ನು ಫಿಲ್ಟರಿನಿಂದ ಇಳಿದ ಕಾಫಿಯ ಸಾರಕ್ಕೆ ಮೀಸಲಿಟ್ಟು, ಕಷಾಯವನ್ನು ಉಳಿದೆಲ್ಲದಕ್ಕೆ ಬಿಟ್ಟುಕೊಟ್ಟಿದ್ದಾರೆ. ಫಿಲ್ಟರಿನಲ್ಲಿ ಕುದಿಸುವ ಕ್ರಿಯೆಯೇ ಇಲ್ಲ ಎಂಬುದು ಬೇರೆ ಮಾತು.

ಪೇಟೆಯಲ್ಲಿ ಈಗ ಇದೇ ಸಾಮಗ್ರಿಗಳು ‘ಹರ್ಬಲ್ ಟೀ’ ಎಂಬ ಹೆಸರಿನಲ್ಲಿ ಬರುತ್ತಿವೆ. 2011ರ ಆಹಾರ ಮಾನದಂಡಗಳ ನಿಯಮಾವಳಿಯ ಪ್ರಕಾರ ಟೀ ಎಂಬುದು ಕ್ಯಾಮೆಲಿಯಾ ಸೈನೆನ್ಸಿಸ್ ಗಿಡದಿಂದಲೇ ಬಂದಿರಬೇಕು. ಆ ಗಿಡದ್ದಲ್ಲದ ಯಾವುದನ್ನೂ ಟೀ ಎಂದು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಪೊಟ್ಟಣದ ಮೇಲೆ ಟೀ ಎಂದು ಬರೆದಿದ್ದರೆ ಉತ್ತರ ಕೊಡುವವರು ಅದನ್ನು ಎರಡನೆಯ ಕಾಲಂಗೆ ಸೇರಿಸುತ್ತಾರೆ, ಕಾನೂನಿನ ಪ್ರಕಾರ ಅದು ಮೂರನೆಯದಕ್ಕೆ ಸೇರಬೇಕು. ಕನ್ನಡದಲ್ಲಿ ಕಷಾಯವೆಂಬ ಪದ ಸಿದ್ಧವಾಗಿ ಇರುವಾಗ ‘ಗಿಡಮೂಲಿಕೆ ಚಹಾ’ ಎಂದು ಭಾಷಾಂತರಿಸುವುದು ಅನಗತ್ಯವೆಂದೇ ನನಗೆ ತೋರುತ್ತದೆ. ಭಾರತದಲ್ಲಿ ಬೆಳೆದ ಚಹಾದ ಸುಮಾರು ಐದರಲ್ಲಿ ನಾಲ್ಕು ಪಾಲು ದೇಶದೊಳಗೇ ಬಳಕೆಯಾಗುತ್ತದೆ, ಕಾಫಿಯ ಹೆಚ್ಚಿನ ಪಾಲು ಹೊರದೇಶಗಳಿಗೆ ಹೋಗುತ್ತದೆ ಎಂಬ ಲೆಕ್ಕವನ್ನಿಡಲು ಎರಡಕ್ಕೂ ಮಂಡಳಿಗಳಿವೆ. ಸಾರಿನ ಹುಡಿಗೆಂದು ತಂದ ಕೊತ್ತಂಬರಿಯಲ್ಲಿ ಎಷ್ಟು ಪಾಲು ಕಷಾಯವಾಯಿತು ಎಂಬುದು ಅಂಗಡಿಯ ಚೀಟಿಯಿಂದ ತಿಳಿಯುವಂಥದ್ದಲ್ಲ. ಹೆಸರು ಹಿಡಿದು ಕೇಳಿದರೆ ಮಾತ್ರ ಬೆಳಕಿಗೆ ಬರುತ್ತದೆ. ಹೀಗಾಗಿ ಕಷಾಯಕ್ಕೆ ಸ್ವಂತದ ಸಾಲು ಬೇಕೇ ಬೇಕು. ಆದರೆ ಹಾರ್ಲಿಕ್ಸ್, ರಾಗಿ ಮಾಲ್ಟ್, ಬಾದಾಮಿ ಹಾಲುಗಳೂ ಇರುವ ಕಾಲಂಗೆ ಅದನ್ನೇ ತಲೆಬರಹವಾಗಿಸಲು ಬರುವುದಿಲ್ಲ.

ಈ ಮಾಲ್ಟುಗಳ ಬಗ್ಗೆ ಒಂದೇ ಮಾತು. ‘ಆರೋಗ್ಯ ಪೇಯ’ ಎಂಬ ಹಳೆಯ ಜಾಹೀರಾತಿನ ಪದವನ್ನು ನಾನು ಬಳಸಿಲ್ಲ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥದ್ದೊಂದರ ವ್ಯಾಖ್ಯೆಯೇ ಇಲ್ಲವೆಂದು ಹೇಳಿ ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲಿನಲ್ಲಿ ಇಂಥ ಪಾನೀಯಗಳನ್ನು ಆ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತು.

ಉಳಿದಿರುವುದು ‘ಆಸರು’. ಬಾಯಾರಿಕೆ, ದಣಿವು ಎಂಬ ಅರ್ಥದ ಈ ಹಳೆಯ ಕನ್ನಡ ಪದ ಕರಾವಳಿಯಲ್ಲಿ ಇನ್ನೂ ದಿನಬಳಕೆಯಲ್ಲಿದೆ. ಮನೆಗೆ ಬಂದವರನ್ನು ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತೇವೆ. ಹವ್ಯಕರು ‘ಆಸರಿಂಗೆ’ ಎನ್ನುತ್ತಾರೆ. ತುಳುವಿನಲ್ಲಿ ಬಾಯಾರಿಕೆಗೆ ‘ಬಾಜೆಲ್’ ಎಂಬ ಪದವಿದೆ. ಉತ್ತರವಾಗಿ ಚಾ, ಕಾಫಿ, ಕಷಾಯ, ಹಾಲು ಏನೂ ಬರಬಹುದು. ಮಜ್ಜಿಗೆ, ಪಾನಕ, ಬೆಲ್ಲದ ಜೊತೆಗಿನ ನೀರೂ ಬರಬಹುದು, ಮತ್ತು ತೊಂದರೆ ಇರುವುದು ಅಲ್ಲಿಯೇ. ಆಸರಿಗೆ ಕೊಡುವುದನ್ನು ಊರವರು ಬಿಸಿ, ತಣ್ಣಗೆ ಎಂದು ವಿಂಗಡಿಸಿಲ್ಲ. ಊಟದ ಹೊರಗೆ, ಬಂದವರ ದಣಿವಾರಿಸಲು ಕೊಡುವುದೆಲ್ಲವೂ ಒಂದು ಗುಂಪು. ಪುನರ್ಪುಳಿಯ ಶರಬತ್ತು ಆ ಗುಂಪಿನೊಳಗಿದೆ, ಅದೇ ಹಣ್ಣಿನ ಬಿಸಿಬಿಸಿ ಸಾರು ಲೋಟದಲ್ಲಿ ಕುಡಿದರೂ ಊಟಕ್ಕೆ ಸೇರಿದ್ದರಿಂದ ಹೊರಗಿದೆ. ಗಂಜಿಯ ತಿಳಿಯೂ ಹಾಗೆಯೇ. ನಮ್ಮ ಈ ವಿಂಗಡಣೆ ಪ್ರಶ್ನಾವಳಿಯ ವಿಂಗಡಣೆಗಿಂತ ಹೆಚ್ಚು ಅರ್ಥಪೂರ್ಣವೆಂದು ನನಗನ್ನಿಸಿದರೂ ಮೂಲದ ಕಾಲಂಗಳನ್ನು ಬದಲಿಸುವ ಅಧಿಕಾರ ಅನುವಾದಕರಿಗಿಲ್ಲ.

ಸದ್ಯ ನನ್ನ ಕರಡಿನಲ್ಲಿರುವ ವಾಕ್ಯ ಹೀಗಿದೆ: ‘ಕಾಫಿ, ಚಾ ಬಿಟ್ಟು ಆಸರಿಗೆ ಬಿಸಿಯಾಗಿ ಬೇರೆ ಏನೇನು ಕುಡಿಯುತ್ತೀರಿ?’ ಇದರ ಕೆಳಗೆ ಕಷಾಯ, ಮಾಲ್ಟ್, ಹಾಲು ಎಂಬ ಸಾಲುಗಳಿವೆ. ಇದರ ಬಗ್ಗೆ ಬಲ್ಲವರಿಂದ ಮೂರು ವಿಷಯಗಳನ್ನು ತಿಳಿಯಬಯಸುತ್ತೇನೆ. ಮಂಗಳೂರು ಪೇಟೆಯಲ್ಲಿ ಹುಟ್ಟಿ ಬೆಳೆದ ಕಿರಿಯರಿಗೆ ‘ಆಸರಿಗೆ’ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆಯೇ? ಕುಂದಾಪುರ, ಬೈಂದೂರಿನ ಕಡೆ ಆ ಪದಕ್ಕೆ ಬಿಸಿಯಾದುದು ಸೇರುತ್ತದೆಯೋ, ಅಥವಾ ನೀರು, ಮಜ್ಜಿಗೆ ಮಾತ್ರವೋ? ‘ಕಣ್ಣ ಚಾ’ದಲ್ಲಿನ ‘ಕಣ್ಣ’ ಎಂಬುದು ಮಲಯಾಳದ ‘ಕಟ್ಟನ್ ಚಾಯ’ದ ‘ಕಟ್ಟನ್’ ರೂಪಾಂತರವೋ, ತುಳುವಿನಲ್ಲಿ ಅದಕ್ಕೆ ಸ್ವತಂತ್ರವಾದ ಮೂಲವಿದೆಯೋ? ಉತ್ತರಿಸುವವರು ಪದದ ಜೊತೆಗೆ ಅದನ್ನು ಕೇಳಿದ ಊರನ್ನೂ ಮನೆಮಾತನ್ನೂ ಬರೆದರೆ ಉಪಕಾರವಾಗುತ್ತದೆ, ಏಕೆಂದರೆ ಉಡುಪಿಯಿಂದ ಬ್ರಹ್ಮಾವರ ದಾಟುವಷ್ಟರಲ್ಲೇ ಇಲ್ಲಿ ಮಾತು ಬದಲಾಗುತ್ತದೆ.