ಶಿರಸಿಯಿಂದ ಮಂಗಳೂರಿಗೆ ಸೈಕಲ್ ಸವಾರಿ: ಹೊಸಬರ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾವು ಶಿರಸಿಯ ಮೂವರು ಗೆಳೆಯರು ಡಿಸೆಂಬರಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮಂಗಳೂರಿಗೆ ಸೈಕಲ್ ಮೇಲೆ ಹೋಗಬೇಕೆಂದಿದ್ದೇವೆ. ಇದುವರೆಗೆ ದಿನಕ್ಕೆ 20 ಕಿ.ಮೀ.ಗಿಂತ ಹೆಚ್ಚು ತುಳಿದವರಲ್ಲ. ಎರಡು ದಿನದಲ್ಲಿ ಮುಗಿಸಬಹುದೇ? ಸೈಕಲ್ ದುರಸ್ತಿ ಬಲ್ಲ ತಾವು ದೂರದ ಸವಾರಿಯನ್ನೂ ಮಾಡಿದವರಾದ್ದರಿಂದ ಕೇಳುತ್ತಿದ್ದೇವೆ.

ಉತ್ತರ: ಖಂಡಿತ ಹೋಗಿ ಬನ್ನಿ, ಆದರೆ ಎರಡು ದಿನದಲ್ಲಿ ಬೇಡ. ಕುಮಟಾ, ಭಟ್ಕಳ, ಕುಂದಾಪುರ, ಉಡುಪಿಗಳಲ್ಲಿ ಉಳಿದು ಐದನೆಯ ದಿನ ಮಂಗಳೂರು ಸೇರಿದರೆ ದಿನಕ್ಕೆ ಹೆಚ್ಚೆಂದರೆ 60 ಕಿ.ಮೀ. ಆಸುಪಾಸಿನ ದಾರಿ ಬರುತ್ತದೆ. ಹೊರಡುವ ಮೊದಲು ಒಂದು ಶನಿವಾರ ಬನವಾಸಿಗೆ ಹೋಗಿ ಬನ್ನಿ. ಎರಡೂ ಕಡೆ ಸೇರಿ ಸುಮಾರು 45 ಕಿ.ಮೀ. ಮರುದಿನ ಭಾನುವಾರ, ಮೈಕೈ ನೋವು ಇರುವಾಗಲೇ, ಒಯ್ಯಲಿರುವ ಸಾಮಾನನ್ನೆಲ್ಲ ಕ್ಯಾರಿಯರಿಗೆ ಕಟ್ಟಿಕೊಂಡು ಅದೇ ದಾರಿಯನ್ನು ಮತ್ತೆ ತುಳಿಯಿರಿ. ಒಂದು ದಿನದ ದೂರವನ್ನು ಉತ್ಸಾಹವೇ ದಾಟಿಸಿಬಿಡುತ್ತದೆ, ಎರಡನೆಯ ಬೆಳಿಗ್ಗೆ ಮತ್ತೆ ಸೀಟಿನ ಮೇಲೆ ಕೂರಲು ಆಗುತ್ತದೆಯೇ ಎಂಬುದನ್ನು ಮನೆಯ ಹತ್ತಿರವೇ ತಿಳಿದುಕೊಳ್ಳುವುದು ಒಳ್ಳೆಯದು.

ನನ್ನಲ್ಲಿಗೆ ಮಂಡಿನೋವೆಂದು ಬರುವ ಹೊಸಬರಲ್ಲಿ ಹೆಚ್ಚಿನವರ ಸೀಟು ತಗ್ಗಿನಲ್ಲಿರುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ.

ನನಗೆ ನಿಜವಾದ ಆತಂಕವಿರುವುದು ಘಟ್ಟದ ಇಳಿಜಾರಿನದು. ಕಳೆದ ವರ್ಷ ಒಬ್ಬ ಹುಡುಗ ಮೇಲಿನಿಂದ ಕೆಳಗಿನವರೆಗೂ ಬ್ರೇಕ್ ಹಿಡಿದೇ ಇಳಿದು ಬಂದಿದ್ದ. ರಿಮ್ ಮುಟ್ಟಿದರೆ ಬೆರಳು ಸುಡುವಷ್ಟು ಕಾದಿತ್ತು, ಟ್ಯೂಬಿನ ಹಳೆಯ ಪಂಕ್ಚರ್ ತೇಪೆ ಬಿಟ್ಟುಕೊಂಡು ಗಾಳಿಯೆಲ್ಲ ಹೋಗಿತ್ತು. ತಿರುವಿನಲ್ಲಿ ಹಾಗಾಗಿದ್ದರೆ ಎಂದು ನೆನೆದರೆ ಈಗಲೂ ಮನಸ್ಸು ಕಲಕುತ್ತದೆ. ತಿರುವಿಗೆ ಮುಂಚೆಯೇ ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ ವೇಗ ಇಳಿಸಿ, ಬಿಟ್ಟು, ಮತ್ತೆ ಒತ್ತಬೇಕು. ನಡುವೆ ಒಂದೆರಡು ಕಡೆ ನಿಂತು ರಿಮ್ ಆರಲು ಬಿಡಬೇಕು.

ಕರಾವಳಿಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ನಿಲ್ಲಿಸಿ. ಮಧ್ಯಾಹ್ನದ ಕಡಲಗಾಳಿ ಬಲಗಡೆಯಿಂದ ಅಡ್ಡ ಬೀಸುವುದರಿಂದ, ಹೊನ್ನಾವರದ ಶರಾವತಿ ಸೇತುವೆಯಂಥ ಬಯಲಿನಲ್ಲಿ ಲಾರಿ ದಾಟುವಾಗ ಸೈಕಲ್ ಓಲಾಡುತ್ತದೆ.

ಪ್ರಶ್ನೆ: ಧನ್ಯವಾದಗಳು ಸರ್. ನೀರಿನ ಬದಲು ಎಳನೀರನ್ನೇ ಕುಡಿಯುತ್ತ ಹೋದರೆ ಸಾಕೇ? ಒಬ್ಬನ ಸೈಕಲ್ಲಿಗೆ ಗೇರ್ ಇಲ್ಲ, ಪರವಾಗಿಲ್ಲವೇ?

ಉತ್ತರ: ಎಳನೀರು ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋಗುವ ಉಪ್ಪನ್ನು ಅದು ಪೂರ್ತಿ ತುಂಬಿಕೊಡುವುದಿಲ್ಲ. ಗಂಟೆಗೆ ಅರ್ಧ ಲೀಟರಿನಷ್ಟು ನೀರು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಮುರುಗಲು ಪಾನಕ ಇರಲಿ. ಗೇರ್ ಇಲ್ಲದ ಸೈಕಲ್ ಹೆದ್ದಾರಿಯ ಏರುಗಳಲ್ಲಿ ದಣಿಸಿದರೂ ನಡೆಯುತ್ತದೆ. ಮರಳಿ ಘಟ್ಟ ಹತ್ತಲು ಮಾತ್ರ ಅದನ್ನು ನಂಬಬೇಡಿ, ವಾಹನದಲ್ಲಿ ಹಾಕಿಕೊಂಡು ಬನ್ನಿ. ಆ ಸೈಕಲ್ಲಿನ ಬ್ರೇಕ್ ರಬ್ಬರುಗಳ ಗೆರೆ ಸವೆದಿದ್ದರೆ ನಾಲ್ಕನ್ನೂ ಬದಲಿಸಿ, ಬನವಾಸಿಯ ಸವಾರಿಗೆ ಮೊದಲೇ.